ಅಳಿಯಂದಿರು ಹಾಕಿದ ನೆಲ

ನೆಲಮಾಳಿಗೆಗೆ ಹಾಸಿದ ಹಲಗೆಯ ಅಂಚು ಹೆಬ್ಬೆರಳಿಗೆ ಮೆತ್ತಗೆ ತಾಗುತ್ತಿದೆ, ಚಹಾದಲ್ಲಿ ಅದ್ದಿ ಮರೆತ ಬಿಸ್ಕತ್ತಿನ ಹಾಗೆ, ಒತ್ತಿದರೆ ನೀರು ಜಿನುಗುತ್ತದೆ, ಬಿಟ್ಟರೆ ಸದ್ದಿಲ್ಲದೆ ಒಳಗೆಳೆದುಕೊಳ್ಳುತ್ತದೆ — ಪೇಂಟ್ ಅಂಗಡಿಯ ಕೌಂಟರಿನಲ್ಲಿ ನಿಂತು ನಾನೇ ಎಷ್ಟು ಜನಕ್ಕೆ ಹೇಳಿದ್ದೇನೆ, ನೀರು ಬಿದ್ರೆ ಒರೆಸಿದ್ರೆ ಆಯ್ತು ಸಾರ್, ಈ ಹಲಗೆಗೆ ಏನೂ ಆಗಲ್ಲ, ಲೋಟದಿಂದ ಚೆಲ್ಲಿದ ನೀರಿಗೆ ಅದು ಸರಿ, ಮೀನಖಂಡ ಮುಳುಗುವಷ್ಟು ನೀರು ಬೆಳಗಿನಿಂದ ಸಂಜೆವರೆಗೆ ನಿಂತರೆ ಯಾವ ಹಲಗೆ ತಾನೆ ತಡೆದೀತು, ಮೂರು ಫ್ಯಾನುಗಳು ಒಟ್ಟಿಗೆ ತಿರುಗುತ್ತಿವೆ, ಎರಡು ನಮ್ಮವು, ಇನ್ನೊಂದು ಪಕ್ಕದ ಮನೆಯಾಕೆಯದು, ನಮ್ಮ ಬೀದಿಯ ರೇಡಿಯೋ, ಬೆಳಿಗ್ಗೆ ಫ್ಯಾನು ಹೊತ್ತು ತಂದವಳು ಮೆಟ್ಟಿಲ ಮೇಲೆಯೇ ನಿಂತು ಮೂಗು ಮುಚ್ಚಿಕೊಂಡು, ನೀರು ನುಗ್ಗಿದ್ದು ನಿಮ್ಮನೆಗೆ, ವಾಸನೆ ಮಾತ್ರ ನಮ್ಮನೇಲಿ ಬಿಡಾರ ಹೂಡಿದೆ ಕಣ್ರೀ ಅಂದು ನಕ್ಕಳು, ಫ್ಯಾನು ಕೊಟ್ಟವರು ನಕ್ಕರೆ ನಾವೂ ನಗಬೇಕು, ನಕ್ಕೆ. ನನ್ನ ಹೆಂಡತಿ ನಗಲಿಲ್ಲ. ಇವಳು ಎದುರಿನ ಗೋಡೆಯಿಂದ ಹಲಗೆ ಕೀಳುತ್ತಾ ಬರುತ್ತಿದ್ದಾಳೆ, ಬಟ್ಟೆ ಮಂಡಿಯವರೆಗೆ ಎತ್ತಿ ಕಟ್ಟಿ, ಬಾಯಲ್ಲಿ ಹೇರ್‌ಪಿನ್ನು ಕಚ್ಚಿಕೊಂಡು, ಒಂದೊಂದು ಹಲಗೆ ಎದ್ದಾಗಲೂ ಹಲ್ಲು ಕಿತ್ತಂಥ ಸದ್ದು, ಕಿತ್ತದ್ದನ್ನೆಲ್ಲ ಕಿಟಕಿಯ ಕೆಳಗೆ ಪೇರಿಸುತ್ತಾಳೆ, ಅದರ ಕೆಳಗಿನ ಸ್ಪಂಜಿನ ಹಾಳೆಯನ್ನು ಹಿಂಡಿ ಬಕೆಟ್ಟಿಗೆ ಹಾಕುತ್ತಾಳೆ, ನಾನು ಮಾತ್ರ ವಾಷಿಂಗ್ ಮಷಿನ್ ಇರುವ ಈ ಮೂಲೆಯಿಂದ ಶುರು ಮಾಡುತ್ತೇನೆ ಅಂತ ಹೇಳಿ ಒಂದೇ ಅಂಚನ್ನು ಒತ್ತುತ್ತಾ ಕೂತಿದ್ದೇನೆ, ರೀ, ಅದಕ್ಕೇನು ಮಾಲೀಶ್ ಮಾಡ್ತಿದ್ದೀರಾ, ಕೀಳ್ರಿ. ಕೀಳುತ್ತೇನೆ, ಕೀಳುತ್ತೇನೆ, ನೀನು ಈ ಕಡೆ ಬರಬೇಡ, ಮಷಿನ್ ಸರಿಸಬೇಕು, ಭಾರ, ನಿನ್ನ ಬೆನ್ನಿಗೆ ಆಗಲ್ಲ, ಅಂದೆ. ಎಷ್ಟು ಕಾಳಜಿ ನೋಡು ನನಗೆ, ಥೂ. ಅವಳ ಬೆನ್ನಲ್ಲ, ನನ್ನ ಮುಖ ಉಳಿಯಬೇಕು, ಅದಕ್ಕೆ.

ನಿನ್ನೆ ಸಂಜೆ ಇವಳ ಚಿಕ್ಕಮ್ಮನ ಮನೆಯಿಂದ ಮೂವರೂ ಮರಳಿದಾಗ ಮೊದಲು ಕೇಳಿಸಿಕೊಂಡವರು ಮಾವ, ಚಪ್ಪಲಿ ಬಿಡುತ್ತಾ, ಕೆಳಗೆ ಯಾರೋ ಸ್ನಾನ ಮಾಡ್ತಿದ್ದಾರೆ ಅಂದರು, ಇವಳು ನನ್ನ ಮುಖ ನೋಡಿದಳು, ಅಪ್ಪನಿಗೆ ಮತ್ತೆ ಶುರುವಾಯಿತು ಅನ್ನುವ ಹಾಗೆ, ಈಚೆಗೆ ನಮ್ಮಿಬ್ಬರ ನಡುವೆ ಆ ನೋಟಕ್ಕೊಂದು ಅರ್ಥವಿದೆ, ಚಪ್ಪಲಿ ಫ್ರಿಜ್ಜಿನೊಳಗೆ ಸಿಕ್ಕ ದಿನದಿಂದ, ಮಗಳನ್ನು ತೀರಿಹೋದ ಅತ್ತೆಯ ಹೆಸರಿಂದ ಕರೆದು, ಆಮೇಲೆ ತಾವೇ ನಾಲಿಗೆ ಕಚ್ಚಿಕೊಂಡ ದಿನದಿಂದ — ಆದರೆ ಕೆಳಗೆ ನಿಜಕ್ಕೂ ನೀರಿನ ಸದ್ದು, ಮಷಿನ್ನಿಗೆ ನೀರು ತರುವ ಪೈಪು ಬಾಯಿ ಕಿತ್ತುಕೊಂಡು ಹಾವಿನ ಹಾಗೆ ಹೊರಳಾಡುತ್ತಿತ್ತು, ಸೋಫಾದ ದಿಂಬುಗಳು ಬಾತುಕೋಳಿಗಳ ಹಾಗೆ ತೇಲುತ್ತಿದ್ದವು, ಟೀವಿಯ ಮೇಜು ಸೊಂಟದ ಮೇಲೆ ಕೈಯಿಟ್ಟವರ ಹಾಗೆ ಒಂದು ಕಡೆ ವಾಲಿತ್ತು. ಪ್ಲಂಬರ್ ಬಂದ, ನೆಗಡಿಯವನು, ಮಾತಿಗೊಮ್ಮೆ ಮೂಗು ಸೊರಗುಟ್ಟಿಸುತ್ತಾ ನೀರಿಗಿಳಿದು ಕಾಲಿಂದ ನೆಲ ತಡಕಾಡಿದ, ಕಿಂಡಿ ಎಲ್ಲಿ ಸಾರ್, ನೆಲಮಾಳಿಗೆ ಅಂದ್ಮೇಲೆ ನೀರು ಹೋಗೋಕೊಂದು ಕಿಂಡಿ ಇರ್ಬೇಕಲ್ಲ, ಅದಿದ್ದಿದ್ರೆ ಇಷ್ಟೊತ್ತಿಗೆ ಗೊಳಗೊಳ ಅಂತ ಹೋಗ್ಬಿಟ್ಟಿರೋದು, ನೀವು ಬಂದು ನೆಲ ಒರೆಸಿ ಮಲಗಬಹುದಿತ್ತು. ಮಾವ ಮೆಟ್ಟಿಲ ಮೇಲಿಂದ, ಇದೆ, ಇದೆ, ಮನೆ ಕಟ್ಟುವಾಗ ನಾನೇ ಮುಂದೆ ನಿಂತು ಇಡಿಸಿದ್ದೀನಿ, ಆ ಮೂಲೇಲಿ, ದುಂಡಗೆ, ಮೇಲೊಂದು ಕಬ್ಬಿಣದ ಜಾಲರಿ. ಪ್ಲಂಬರ್ ನನ್ನ ಕಡೆ ತಿರುಗಿದ, ಈ ಹಲಗೆ ಹಾಕಿದ್ದು ಯಾರು ಸಾರ್, ನಾನೇ, ಹಂಗಾದ್ರೆ ನಿಮಗೇ ಗೊತ್ತಿರುತ್ತೆ, ಕೆಳಗೆ ಕಿಂಡಿ ಇತ್ತಾ. ಇತ್ತಾ. ಹೌದು ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು, ಮೂಗು ಸೊರಗುಟ್ಟಿಸುವಷ್ಟು ಹೊತ್ತು, ನಾನು ಇಲ್ಲ ಅಂದೆ. ಬರೀ ಇಲ್ಲ ಅಂದು ಸುಮ್ಮನಾಗಿದ್ದರೂ ಆಗುತ್ತಿತ್ತು, ಮರೆತಿದ್ದೆ ಅಂತ ಆಮೇಲೆ ತೇಪೆ ಹಾಕಬಹುದಿತ್ತು, ನಾನು, ಇಡೀ ನೆಲ ನನ್ನ ಕೈಯಾರೆ ಗುಡಿಸಿದ್ದೀನಲ್ಲ, ಅಂಗೈಯಗಲ ಜಾಗ ಬಿಟ್ಟಿಲ್ಲ, ಕಿಂಡಿಯೂ ಇರ್ಲಿಲ್ಲ ಗಿಂಡಿಯೂ ಇರ್ಲಿಲ್ಲ ಅಂದೆ, ಸುಳ್ಳಿನ ಕೈಗೆ ಪೊರಕೆ ಬೇರೆ ಕೊಟ್ಟೆ. ಎತ್ತಿ ನೋಡೋಣ್ವಾ ಅಂದ ಪ್ಲಂಬರ್. ಸುಮ್ನೆ ಯಾಕೆ, ಮೊದ್ಲು ಪಂಪ್ ಹಚ್ಚಪ್ಪ. ಹಚ್ಚಿದ, ಕಿಟಕಿಯಿಂದ ಹೊರಗೆ ನೀರು ದುಮ್ಮಿಕ್ಕಿತು, ಹೋಗುವಾಗ ಹೇಳಿದ, ನಾಳೆನೇ ಹಲಗೆ ಎಲ್ಲ ಕಿತ್ತು ಒಣಗಿಸ್ಬಿಡಿ, ಇಲ್ಲಾಂದ್ರೆ ಬೂಷ್ಟು ಹಿಡಿದು ಮನೆಯವರೆಲ್ಲ ನನ್ನ ಹಾಗೆ ಸೊರಗುಟ್ಟಿಸ್ತೀರಿ.

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸುತ್ತದೆ, ಹೇಗೆ ಬಿಟ್ಟೀತು, ಅದರ ಬಾಯಿ ಮುಚ್ಚಿದವನೇ ನಾನು. ನಗು ಬರುತ್ತಿದೆ, ಬರಬಾರದು, ಇವಳು ನೋಡಿದರೆ ಏನು ಅಂತ ಕೇಳುತ್ತಾಳೆ — ಈ ಕೋಣೆ ಸಜ್ಜು ಮಾಡಿದ ಆ ವಾರ ಇವಳೂ ಮಾವನೂ ಊರಲ್ಲಿರಲಿಲ್ಲ, ಭಾವಮೈದನ ಮನೆಗೆ ಹೋಗಿದ್ದರು, ನಾನೊಬ್ಬನೇ ಇಲ್ಲಿ ರೇಡಿಯೋ ಹಾಕಿಕೊಂಡು, ನಿಜವಾದ ರೇಡಿಯೋ, ಪಕ್ಕದ ಮನೆಯದಲ್ಲ, ಗೋಡೆಗೆ ತಿಳಿ ಹಸಿರು ಬಳಿದು, ಚಾವಣಿಗೆ ದೀಪ ಕೂರಿಸಿ, ಕೊನೆಗೆ ನೆಲಕ್ಕೆ ಬಂದೆ, ಆ ಕಿಂಡಿಯ ಜಾಗದಲ್ಲಿ ನೆಲ ತಗ್ಗು, ಹಲಗೆ ಕೂರಬೇಕಾದರೆ ನೆಲ ಸಮ ಇರಬೇಕು, ಜೊತೆಗೆ ಕಿಂಡಿಯಿಂದ ಜಿರಳೆ, ಒಂದು ಹಳಸು ವಾಸನೆ, ಬಂದವರು ಸೋಫಾದಲ್ಲಿ ಕೂತು ಮೂಗು ಅರಳಿಸಿದರೆ ಏನು ಚೆನ್ನ, ಜಾಲರಿ ಕಿತ್ತೆ, ಹಳೇ ಗೋಣಿಚೀಲ ತುರುಕಿದೆ, ಮೇಲೆ ಬಿಳಿ ಸಿಮೆಂಟು ಹಾಕಿ ಕರಣೆಯಿಂದ ನುಣ್ಣಗೆ ತಿಕ್ಕಿದೆ, ತಿಕ್ಕಿ ಹಿಂದೆ ಸರಿದು ನೋಡಿ ಶಭಾಷ್ ಅಂದುಕೊಂಡೆ. ಯಾಕಷ್ಟು ಆಸೆಯಿತ್ತು ನನಗೆ ಈ ಕೋಣೆಯ ಮೇಲೆ. ಮೇಲಿನ ಮನೆಯಲ್ಲಿ ಕುರ್ಚಿ ಮಾವನದು, ಕಪಾಟು ಅತ್ತೆಯದು, ಕಿಟಕಿಯ ಪರದೆ ಇವಳು ಹುಡುಗಿಯಾಗಿದ್ದಾಗ ಹೊಲಿದದ್ದು, ನಾನು ಒಂದು ಸೂಟ್‌ಕೇಸ್ ಹಿಡಿದು ಬಂದ ಮನೆಯಳಿಯ, ಅಂಗಡಿಯಲ್ಲಿ ಹುಡುಗರು, ಅಣ್ಣಂಗೇನಪ್ಪ, ಸೋಫಾನೂ ಮಾವಂದೇ, ರಿಮೋಟೂ ಮಾವಂದೇ ಅಂತ ಕಿಚಾಯಿಸುತ್ತಿದ್ದರು, ನಾನೂ ಜೊತೆಗೆ ನಗುತ್ತಿದ್ದೆ, ಮಾವ ಒಂದು ದಿನವಾದರೂ ಅಂಥ ಮಾತಾಡಿದವರಲ್ಲ, ಅವರೇ ಕರೆದು, ಕೆಳಗಿನ ರೂಮು ಹಳೇ ಸಾಮಾನು ತುಂಬಿ ಸುಮ್ನೆ ಬಿದ್ದಿದೆ, ಮಕ್ಕಳು ಆ ಕಡೆ ಇಳಿದದ್ದೇ ಇಲ್ಲ, ನಿಮ್ಮ ಕೈಗೆ ಬಿಟ್ಟಿದ್ದೀನಿ ಅಳಿಯಂದ್ರೆ, ಏನು ಬೇಕಾದ್ರೂ ಮಾಡ್ಕೊಳ್ಳಿ, ಆ ಕಿಂಡಿ ಒಂದು ಮುಚ್ಚಬೇಡಿ ಅಂದರು. ಅಂದಿದ್ದರು. ಮನೆನೂ ಮನುಷ್ಯನ ಹಾಗೇ, ಒಳಗೆ ಬಂದದ್ದು ಹೊರಗೆ ಹೋಗ್ಬೇಕು ಅಂತ ಹೊಟ್ಟೆ ಕುಲುಕಿಸಿ ನಕ್ಕಿದ್ದರು. ಆ ಮಾತು ಈಗ ಅವರಿಗೆ ನೆನಪಿಲ್ಲ. ನಿನ್ನೆ ನೀರಲ್ಲಿ ನಿಂತು ಕಾದೆ, ಈಗ ಹೇಳುತ್ತಾರೆ, ಈಗ ಬೆರಳು ತೋರಿಸಿ ನಾನು ಹೇಳಿದ್ದೆ ಅನ್ನುತ್ತಾರೆ, ಹೇಳಲಿಲ್ಲ, ಸದ್ಯ ಬದುಕಿದೆ ಅನ್ನಿಸಿತು, ಹಿರಿಯರೊಬ್ಬರು ಮರೆತದ್ದಕ್ಕೆ ಖುಷಿಪಟ್ಟೆನಲ್ಲ, ನಾನು ಎಂಥವನು. ಕೆಲಸ ಮುಗಿದಾಗ ಇದೇ ಮಾವ ಬೀದಿಯವರನ್ನೆಲ್ಲ ಮೆಟ್ಟಿಲು ಇಳಿಸಿ ಕರೆದುಕೊಂಡು ಬಂದಿದ್ದರು, ಚಪ್ಪಲಿ ಮೇಲೇ ಬಿಡಿ, ಚಪ್ಪಲಿ ಮೇಲೇ ಬಿಡಿ, ನಮ್ಮ ಅಳಿಯಂದಿರು ಹಾಕಿದ ನೆಲ, ಯಾವ ಕೆಲಸದವರೂ ಇಲ್ಲ, ಒಬ್ಬರೇ, ಅಂತ ಬಗ್ಗಿ ಹಲಗೆಯ ಸಂದು ಸವರಿ ತೋರಿಸುತ್ತಿದ್ದರು, ಕೂದಲು ತೂರಲ್ಲ ನೋಡಿ, ಕಿಂಡಿಯ ಮಾತು ಮಾತ್ರ ಎತ್ತಲಿಲ್ಲ, ಆ ಖುಷಿಯಲ್ಲಿ ಮರೆತರೇನೋ, ಮಗನ ಬಗ್ಗೆ ಕೂಡ ಅವರು ಹಾಗೆ ಹೇಳಿಕೊಂಡದ್ದನ್ನು ನಾನು ಕೇಳಿಲ್ಲ.

ನಿನ್ನೆ ಪಂಪು ನಿಂತ ಮೇಲೆ ಮಾವ ಇಳಿದು ಬಂದರು, ಬೇಡ ಅಪ್ಪ ಜಾರುತ್ತೆ ಅಂತ ಇವಳು ಕೂಗುತ್ತಿದ್ದರೂ ಗೋಡೆ ಹಿಡಿದುಕೊಂಡು ಈ ಮೂಲೆಗೆ ಬಂದು, ಇಲ್ಲಿ ಅಂದರು, ಮಂಡಿಯೂರಿದರು, ಹೆಗಲ ಟವೆಲಿನಿಂದ ಹಲಗೆ ಒರೆಸಿದರು, ಅಂಗಿಯ ಜೇಬಿನಿಂದ ಒಂದು ಚೂರು ಸೀಮೆಸುಣ್ಣ ತೆಗೆದರು, ಶಾಲೆ ಬಿಟ್ಟು ಎಷ್ಟೋ ವರ್ಷವಾಯಿತು, ಜೇಬಿನ ಸೀಮೆಸುಣ್ಣ ಬಿಟ್ಟಿಲ್ಲ, ಡ್ರಾಯಿಂಗ್ ಮೇಷ್ಟ್ರು ನಮ್ಮ ಮಾವ, ಕೈವಾರ ಇಲ್ಲದೆ ಬೋರ್ಡಿನ ಮೇಲೆ ಒಂದೇ ಬೀಸಿಗೆ ವೃತ್ತ ಹಾಕುತ್ತಿದ್ದರಂತೆ, ಮಕ್ಕಳು ದಾರ ತಂದು ಅಳೆದರೂ ಎಲ್ಲೂ ಹೆಚ್ಚುಕಮ್ಮಿ ಇರುತ್ತಿರಲಿಲ್ಲವಂತೆ, ಹಳೇ ವಿದ್ಯಾರ್ಥಿಗಳು ಈಗಲೂ ದಾರಿಯಲ್ಲಿ ನಿಲ್ಲಿಸಿ, ಸಾರ್ ಒಂದು ವೃತ್ತ ಅನ್ನುತ್ತಾರೆ — ಒದ್ದೆ ಹಲಗೆಯ ಮೇಲೆ ಕೈ ತಿರುಗಿತು, ಭುಜದಿಂದ, ಮಣಿಕಟ್ಟಿನಿಂದಲ್ಲ, ಬಿಳಿಯ ಗೆರೆ ಹಸಿ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತಾ ಸುತ್ತಿ ಬಂದು ಹೊರಟಲ್ಲಿಗೇ ಕೂಡಿತು. ವೃತ್ತ. ಇಷ್ಟಗಲ, ಇಲ್ಲೇ, ನೋಡಿ ಅಳಿಯಂದ್ರೆ, ನೀವು ಗುಡಿಸುವಾಗ ಇದ್ದಿರಲೇಬೇಕು. ಇವಳು ನನ್ನನ್ನೇ ನೋಡುತ್ತಿದ್ದಳು, ಪ್ಲಂಬರ್ ಪೈಪು ಸುತ್ತುತ್ತಾ ಮೂಗು ಒರೆಸಿಕೊಂಡ, ಇಲ್ಲ ಮಾವ, ನಿಮಗೆ ಬಚ್ಚಲುಮನೆಯದು ನೆನಪಾಗಿರ್ಬೇಕು ಅಂದೆ. ನಾನೇ ಅಂದದ್ದು, ಇನ್ಯಾರೂ ಅಲ್ಲ, ಎಷ್ಟು ಮೃದುವಾಗಿ ಅಂದೆ, ಮಗುವಿಗೆ ಹೇಳುವ ಹಾಗೆ, ಅದೇ ಈಗ ಹೆಚ್ಚು ಉರಿಯುತ್ತದೆ, ಗದರಿದ್ದರೆ ಅವರೂ ಗದರುತ್ತಿದ್ದರು. ಬಚ್ಚಲುಮನೆಯದಾ, ಅಂದರು. ಸ್ವಲ್ಪ ಹೊತ್ತು ವೃತ್ತವನ್ನೇ ನೋಡಿದರು. ಇರಬಹುದು, ಅಂದರು. ಆಮೇಲೆ ಮಗಳ ಕಡೆ ತಿರುಗಿ, ಈಚೆಗೆ ನನ್ನ ತಲೆ ಸರಿಯಿಲ್ಲಮ್ಮ, ಸುಮ್ನೆ ಎಲ್ಲರ ಹೊತ್ತು ಹಾಳು ಮಾಡಿದೆ, ಅಂತ ಅದೇ ಟವೆಲಿನಿಂದ ವೃತ್ತವನ್ನು ತಾವೇ ಒರೆಸಿದರು, ಬೋರ್ಡು ಒರೆಸುವ ಹಾಗೆ ಎಡದಿಂದ ಬಲಕ್ಕೆ, ಪೂರ್ತಿ ಹೋಗುವವರೆಗೆ. ಎದ್ದೇಳುವಾಗ ನನ್ನ ಕೈಯನ್ನೇ ಹಿಡಿದುಕೊಂಡರು.

ಇವಳ ಫೋನು ಹಲಗೆಗಳ ರಾಶಿಯ ಮೇಲೆ ಕೂತು ಭಾವಮೈದನ ದನಿಯಲ್ಲಿ ಮಾತಾಡುತ್ತಿದೆ, ಸ್ಪೀಕರ್ ಹಾಕಿದ್ದಾಳೆ, ಕೈ ಬಿಡುವಿಲ್ಲ, ಅಕ್ಕ, ಇನ್ನು ತಡ ಮಾಡಬಾರದು, ಇಲ್ಲದ ಕಿಂಡಿ ಇದೆ ಅಂತ ಮೂರನೆಯವರ ಮುಂದೆ ಹಟ ಮಾಡಿದ್ದಾರೆ ಅಂದ್ರೆ ನೀನೇ ನೋಡು, ನಾಳೆ ಇಲ್ಲದ ರಸ್ತೆ ಇದೆ ಅಂತ ಹೊರಟರೆ, ನಾನು ಸಂಜೆ ಬರ್ತೀನಿ, ಅಪ್ಪನ ಹತ್ರ ಇರೋ ಮನೆ ಬೀಗದ ಕೈ ನಾನೇ ಇಸ್ಕೋತೀನಿ, ನಿನಗೆ ಕೊಡಲ್ಲ ಅವರು. ಒಬ್ಬರೇ ಪಾರ್ಕಿಗೆ ಹೋಗೋದು ಬಿಟ್ರೆ ಅಪ್ಪ ಕುಗ್ಗಿ ಹೋಗ್ತಾರೆ ಕಣೋ, ಇವಳ ದನಿ. ಕಳೆದುಹೋಗೋದಕ್ಕಿಂತ ಕುಗ್ಗೋದು ವಾಸಿ ಅಕ್ಕ, ಭಾವ ಏನಂತಾರೆ. ಭಾವ ಏನಂತಾರೆ. ರೀ, ನಿಮ್ಮನ್ನೇ ಕೇಳ್ತಿರೋದು. ನಾನು ಮಷಿನ್ನಿಗೆ ಭುಜ ಕೊಟ್ಟು ತಳ್ಳುತ್ತಿದ್ದೇನೆ, ಏದುಸಿರು ಬಂದ ಹಾಗೆ ಮಾಡುತ್ತೇನೆ, ನೀವಿಬ್ರೂ ಮಕ್ಕಳು, ನೀವೇ ನೋಡ್ಕೊಳ್ಳಿ, ನಾನು ಹೊರಗಿನವನು — ಬೇಕಾದಾಗ ಹೊರಗಿನವನು, ವಾ. ಬೆಳಗಿನ ವಾಕಿಂಗು, ಪಾರ್ಕಿನ ಕಲ್ಲುಬೆಂಚು, ಅಲ್ಲಿ ಇವರಿಗಾಗಿ ಕಾಯುವ ಕಿವುಡು ಗೆಳೆಯ, ವಾಪಸು ಬಂದು ಬೆಲ್ಲು ಒತ್ತದೆ ತಮ್ಮದೇ ಬೀಗದ ಕೈಯಿಂದ ಬಾಗಿಲು ತೆರೆದು, ನಾನು ಬಂದೆ ಅಂತ ಕೂಗುವುದು, ಮನೆ ಕಟ್ಟಿಸಿದವರು ನಾಳೆಯಿಂದ ಬೆಲ್ಲು ಒತ್ತಿ ನಿಲ್ಲಬೇಕು. ಹೇಳಿಬಿಡಲೇ. ಏನಂತ. ಇತ್ತು ಕಣೇ, ನಾನೇ ಮುಚ್ಚಿದ್ದು, ನಿಮ್ಮಪ್ಪ ಬೇಡ ಅಂದಿದ್ದರೂ ಮುಚ್ಚಿದ್ದು, ಅಷ್ಟೇ, ಮಾತು ಗಂಟಲ ಹತ್ತಿರ ಬಂದು ಅಲ್ಲೇ ಗೋಣಿಚೀಲಕ್ಕೆ ತಡೆದು ನಿಲ್ಲುತ್ತದೆ. ನಿನ್ನೆಯೇ ಹೇಳಿದ್ದರೆ ಬರೀ ದಡ್ಡತನ, ಒಂದು ಬೈಗುಳ, ಎರಡು ದಿನ ಮುಖ ಊದಿಸಿಕೊಳ್ಳುತ್ತಿದ್ದಳು, ಇವತ್ತು ಹೇಳಿದರೆ ಆ ಟವೆಲು, ಆ ಇರಬಹುದು, ಎಲ್ಲಾ ಸೇರಿಸಿ ಹೇಳಬೇಕು, ಅವಳು ಹಲಗೆ ಕೀಳುತ್ತಾ ಹತ್ತಿರ ಬರುತ್ತಿದ್ದಾಳೆ, ಅರ್ಧ ಕೋಣೆ ಬೆತ್ತಲಾಗಿದೆ, ಬೂದು ನೆಲ ಉಗುರು ಕಿತ್ತ ಬೆರಳಿನ ಹಾಗೆ ಕಾಣುತ್ತದೆ, ನೀನು ಹೋಗೇ, ಒಂದು ಲೋಟ ಕಾಫಿ ಮಾಡ್ಕೊಂಡು ಬಾ, ಈ ಮೂಲೆ ನಾನು ಮುಗಿಸ್ತೀನಿ, ಅವಳು ಹೇರ್‌ಪಿನ್ನು ತೆಗೆದು ಜಡೆಗೆ ಸಿಕ್ಕಿಸಿ, ಕೊನೆಗಾದ್ರೂ ಕೈ ಆಡಿತಲ್ಲ ಅಂತ ಮೇಲೆ ಹೋದಳು.

ಬೇಗ. ಉಳಿ ಎಲ್ಲಿ, ಇಲ್ಲಿ, ಮೊದಲ ಹಲಗೆ ತುಂಡಾಗಿ ಕೈಗೆ ಬಂತು, ಎರಡನೆಯದು ನೆಲ ಕಚ್ಚಿಕೊಂಡಿದೆ, ಎತ್ತು, ಎತ್ತು, ಸ್ಪಂಜಿನ ಹಾಳೆ ಹರಿದು ನೀರು ತೊಡೆಗೆ ಚಿಮ್ಮಿತು, ಒರೆಸಿದೆ. ಇದೆ. ಇರದೆ ಎಲ್ಲಿ ಹೋಗುತ್ತದೆ, ಬೂದು ನೆಲದ ನಡುವೆ ಬೆಳ್ಳಗೆ, ದುಂಡಗೆ, ನೀರು ಕುಡಿದು ಅಂಚೆಲ್ಲ ಕಪ್ಪಾಗಿ ಯಾರೋ ಪೆನ್ಸಿಲಿನಿಂದ ತೀಡಿದ ಹಾಗೆ, ವೃತ್ತ, ಅವರು ನಿನ್ನೆ ಬರೆದದ್ದಕ್ಕಿಂತ ನಾಲ್ಕು ಬೆರಳು ಈಚೆಗೆ, ಅಷ್ಟೇ ವ್ಯತ್ಯಾಸ, ಅಗಲದಲ್ಲಿ ಅದೂ ಇಲ್ಲ. ಏನಾದರೂ ಮಾಡಬೇಕು, ಬೂದು ಪೇಂಟು ಮೇಲಿದೆ, ಡಬ್ಬಿಯ ತಳದಲ್ಲಿ ಸ್ವಲ್ಪ ಉಳಿದಿರಬೇಕು, ಒದ್ದೆಯ ಮೇಲೆ ಹಿಡಿಯಲ್ಲ, ಮಷಿನ್ನನ್ನೇ ಎಳೆದು ಇದರ ಮೇಲೆ ನಿಲ್ಲಿಸಿದರೆ, ಯಾರು ಎತ್ತಿ ನೋಡುತ್ತಾರೆ, ಮೆಟ್ಟಿಲ ಮೇಲೆ ಹೆಜ್ಜೆ, ಇಷ್ಟು ಬೇಗ ಕಾಫಿ ಆಗಲ್ಲ, ಇದು ಗೋಡೆ ಸವರಿಕೊಂಡು ಬರುವ ಹೆಜ್ಜೆ, ಎದ್ದು ನಿಂತೆ, ಕಾಲು ತಾನಾಗಿ ಅದರ ಮೇಲೆ ಹೋಯಿತು. ಅಳಿಯಂದ್ರೆ, ಒಬ್ಬರೇ ಇದ್ದೀರಾ. ಬನ್ನಿ ಮಾವ, ಜೋಪಾನ. ಅವರು ಕೊನೆಯ ಮೆಟ್ಟಿಲಲ್ಲೇ ಚಪ್ಪಲಿ ಬಿಟ್ಟರು, ಕಿತ್ತ ನೆಲಕ್ಕೆ ಏತರ ಚಪ್ಪಲಿ ಬಿಡುವುದು, ಆದರೂ ಬಿಟ್ಟರು, ಹತ್ತಿರ ಬಂದು ಜೇಬಿಗೆ ಕೈಹಾಕಿದರು, ಸೀಮೆಸುಣ್ಣವಲ್ಲ, ಬೀಗದ ಕೈ, ಕಪ್ಪು ದಾರ ಕಟ್ಟಿದ್ದು. ಇದು ನಿಮ್ಮ ಹತ್ರ ಇರ್ಲಿ, ಮಗ ಫೋನಲ್ಲಿ ಅಂದದ್ದು ಮೇಲಕ್ಕೂ ಕೇಳಿಸ್ತು, ಸಂಜೆ ಅವನು ಬಂದು ಕೇಳೋಕಿಂತ ಮುಂಚೆ ನಾನೇ ಕೊಟ್ಟಿದ್ದೀನಿ ಅಂದ್ರೆ ಚೆನ್ನಾಗಿರುತ್ತೆ, ಮಗಳ ಕೈಗೆ ಕೊಟ್ರೆ ಅತ್ತುಬಿಡ್ತಾಳೆ, ನೀವಾದ್ರೆ ನಮ್ಮ ಮನೆಯ ಗಟ್ಟಿ ಮನುಷ್ಯ. ಫ್ಯಾನಿನ ಗಾಳಿಗೆ ದಾರ ಅಲ್ಲಾಡುತ್ತಿದೆ, ನನ್ನ ಕೈ ಮುಂದೆ ಹೋಗುತ್ತಿಲ್ಲ, ಅವರ ಕಣ್ಣು ಕೆಳಗೆ ಇಳಿಯಿತು. ನನ್ನ ಕಾಲು ಚಿಕ್ಕದು. ಅದರ ಸುತ್ತ ಎಲ್ಲ ಕಡೆ ಬಿಳಿಯ ಅಂಚು. ಅವರು ಬಗ್ಗಿದರು, ನೋಡಿದರು, ಕಣ್ಣುಜ್ಜಿಕೊಂಡರು, ಮತ್ತೆ ನೋಡಿದರು, ಆಮೇಲೆ ದನಿ ತಗ್ಗಿಸಿ, ಮೇಲಿರುವ ಮಗಳಿಗೆ ಕೇಳದ ಹಾಗೆ, ಅಳಿಯಂದ್ರೆ, ಬೇಜಾರು ಮಾಡ್ಕೋಬೇಡಿ, ಒಂದು ಕೇಳ್ತೀನಿ, ಅಲ್ಲೊಂದು ವೃತ್ತ ಇದೆಯಾ, ಇಲ್ಲ ನನಗೆ ಮಾತ್ರ ಕಾಣ್ತಿದೆಯಾ.

ಕಾಣುತ್ತಿದೆ ಮಾವ, ನನಗೂ ಕಾಣುತ್ತಿದೆ, ನಿಮಗಿಂತ ಮೊದಲಿನಿಂದ ಕಾಣುತ್ತಿದೆ, ಅಂದೆ, ಅಂದೆನಲ್ಲ, ಆದರೆ ಅವರು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಾರೆ, ಉತ್ತರಕ್ಕೆ ಕಾಯುವ ಮುಖ, ಅಂದರೆ ಅಂದಿಲ್ಲ, ಬಾಯಿ ತೆರೆದೇ ಇಲ್ಲ, ಮೇಲಿಂದ ಇವಳು ಇಳಿಯುತ್ತಿದ್ದಾಳೆ, ಲೋಟಕ್ಕೆ ಲೋಟ ತಾಗುವ ಸದ್ದು, ಅಪ್ಪ ಇಲ್ಲಿದ್ದೀರಾ, ರೀ, ಏನು ಹಾಗೆ ಕೊಕ್ಕರೆ ಥರ ನಿಂತಿದ್ದೀರಿ, ಏನದು ಕಾಲ ಕೆಳಗೆ. ಕಾಲು ತೆಗೆದೆ. ಅವಳು ನಿಂತುಬಿಟ್ಟಳು, ಲೋಟಗಳ ಸದ್ದೂ ನಿಂತಿತು, ಬೆಳ್ಳಗೆ, ದುಂಡಗೆ, ಎಲ್ಲೂ ಹೆಚ್ಚುಕಮ್ಮಿ ಇಲ್ಲದ ವೃತ್ತ, ಅದರ ನಟ್ಟನಡುವೆ ನನ್ನ ಒದ್ದೆ ಹೆಜ್ಜೆ, ಐದೂ ಬೆರಳು, ಹಿಮ್ಮಡಿ, ಮೂರು ಫ್ಯಾನು ಬೀಸುತ್ತಿವೆ, ಒಣಗುತ್ತಿಲ್ಲ, ವೃತ್ತ, ವೃತ್ತದೊಳಗೆ ಹೆಜ್ಜೆ, ಒಣಗುತ್ತಿಲ್ಲ, ವೃತ್ತ